ನಲವತ್ತು ಗಂಟೆಗಳ ಸಹಿ

ಬೆಲ್‌ಫೋರ್ಡ್, ನೆಬ್ರಾಸ್ಕಾ
ಜನವರಿ 6, 2025

ಡಾ. ಬೀಟ್ರಿಸ್ ಇಬಾರಾ ಅವರಿಗೆ,
ಮುಖ್ಯಸ್ಥೆ, ಕುಟುಂಬ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ವಿಭಾಗ, ಆಲ್ಬುಕರ್ಕಿ

ನನ್ನ ಹೆಸರು ಓರಿನ್ ಲಿಂಡ್‌ಕ್ವಿಸ್ಟ್. ಮೂವತ್ತೊಂದು ವರ್ಷ ಈ ಊರಿನ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದೆ, ಅಲ್ಲಿನ ಚರ್ಚಾ ತಂಡವನ್ನು ಪಳಗಿಸಿದೆ. ಅದಕ್ಕೂ ಮೊದಲು ಕಾಲೇಜಿನ ಚರ್ಚಾಪಟುವಾಗಿದ್ದೆ. ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಹಾರಿಕೆಯ ಉತ್ತರ ಬರೆಯಲು ಕೂರುವ ಮುನ್ನ ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಕಳೆದ ಅಕ್ಟೋಬರ್ 18ರ ಶುಕ್ರವಾರ ನನ್ನ ಒಬ್ಬಳೇ ಮಗಳು ಗ್ರೆಟಾ ತೀರಿಕೊಂಡಳು. ನಲವತ್ತಾರು ವರ್ಷ. ನಮ್ಮ ಜಿಲ್ಲೆಗೆ ಇರುವುದು ಒಂದೇ ದವಾಖಾನೆ. ಡಾಕ್ಟರು ನಿವೃತ್ತರಾದ ಮೇಲೆ ಅದನ್ನು ನಡೆಸುತ್ತಿದ್ದವಳು ಅವಳು. ರೋಗ ನೋಡಿ, ಔಷಧಿ ಬರೆದು, ಕೂಸಿನಿಂದ ಮುದುಕರವರೆಗೆ ಎಲ್ಲರನ್ನೂ ಸಂಭಾಳಿಸುವ ನರ್ಸ್ ಪ್ರಾಕ್ಟೀಷನರ್. ಹಳೆಯ ಕ್ರಮದಲ್ಲಿ, ಎರಡು ವರ್ಷ ಕಾಲೇಜಿನ ಬೆಂಚಿನ ಮೇಲೆ ಕೂತು ಓದಿದವಳು.

ಆಗ ಅವಳ ಎಡಗಾಲಿನ ಪಾದದ ಕೀಲು ಮುರಿದು ಐದು ವಾರವಾಗಿತ್ತು. ಕಾಲಿಗೆ ಬಿಗಿಯಾದ ಪಟ್ಟಿಯಿತ್ತು. ಆ ಮಧ್ಯಾಹ್ನ ಎದೆಯಲ್ಲಿ ಚುಚ್ಚು, ಉಸಿರಿಗೆ ತಡೆ. ಜೊತೆಗೆ ಕೆಲಸ ಮಾಡುವ ಡಾರ್ಲಾ ನೊವೊಟ್ನಿ ಎಂಬ ಹೊಸ ಪ್ರಾಕ್ಟೀಷನರ್ ಅವಳನ್ನು ಪರೀಕ್ಷಿಸಿ ರೋಗಿಯ ಕಡತದಲ್ಲಿ ಹೀಗೆ ಬರೆದಳು: "ಪಕ್ಕೆಯ ಸ್ನಾಯು ಸೆಳೆತ. ವಿಶ್ರಾಂತಿ." ಮುಂದಿನ ನಾಲ್ಕು ಗಂಟೆಯೊಳಗೆ ಗ್ರೆಟಾ ತನ್ನ ಕಾರಿನಲ್ಲಿ ಕೂತಲ್ಲೇ ಸತ್ತಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು. ಕಟ್ಟಿದ ಕಾಲು, ಎದೆನೋವು, ಉಸಿರಿನ ತಡೆ ಈ ಮೂರನ್ನು ಕೂಡಿಸಲು ಬಾರದವಳಿಗೆ ಸ್ನಾತಕೋತ್ತರ ಪದವಿ ಕೊಟ್ಟವರು ನೀವು.

ಅವಳನ್ನು ನಾನು ಬಲ್ಲೆ. ಶಾಲೆಯಲ್ಲಿ ನನ್ನ ಮುಂದೆ ಕೂತ ಹುಡುಗಿ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ನರ್ಸ್ ಆಗಿದ್ದುಕೊಂಡು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಎರಡೂವರೆ ವರ್ಷದಲ್ಲಿ ಅವಳು ಈ ಪದವಿ ಪಡೆದಳು. ನಿಮ್ಮ ಕಾಲೇಜಿಗೆ ಅವಳು ಕಾಲಿಟ್ಟದ್ದು ಮೂರು ವಾರಾಂತ್ಯ ಮಾತ್ರ ಎಂದು ಕೇಳಿದ್ದೇನೆ.

ರಾಜ್ಯದ ಪರವಾನಗಿ ಮಂಡಳಿಗೆ ದೂರು ಕೊಟ್ಟಿದ್ದೇನೆ. ಏಪ್ರಿಲ್ 14ರಂದು ಲಿಂಕನ್ನಿನಲ್ಲಿ ವಿಚಾರಣೆ. ಅವಳ ಪರವಾನಗಿ ಹೋಗಬೇಕು. ಪಕ್ಕದ ನೋಟ ಮಂಕಾಯಿತೆಂದು ಇದೇ ರಾಜ್ಯ ನನ್ನ ಕಾರಿನ ಪರವಾನಗಿಯನ್ನು ಕಿತ್ತುಕೊಂಡಿತು. ನಾನು ವಾದ ಹೂಡಲಿಲ್ಲ, ಕಾಣದವನು ರಸ್ತೆಗಿಳಿಯಬಾರದು. ಅದೇ ನ್ಯಾಯ ಅವಳಿಗೂ ಸಲ್ಲಲಿ.

ಅವಳ ತರಬೇತಿಯ ದಾಖಲೆಗಳನ್ನು ಕಳಿಸಿ. ಯಾರು ಕಲಿಸಿದರು, ಎಷ್ಟು ಗಂಟೆ ಕಲಿಸಿದರು, ಯಾರು ಸಹಿ ಹಾಕಿದರು ಎಂಬುದೆಲ್ಲ ನನಗೆ ಬೇಕು.

ಓರಿನ್ ಲಿಂಡ್‌ಕ್ವಿಸ್ಟ್


ಆಲ್ಬುಕರ್ಕಿ
ಜನವರಿ 17, 2025

ಮಾನ್ಯ ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ,

ನಿಮ್ಮ ಮಗಳ ಅಗಲಿಕೆಗೆ ನಮ್ಮ ವಿಭಾಗದ ಪರವಾಗಿ ಸಂತಾಪಗಳು.

ನಮ್ಮ ಪಠ್ಯಕ್ರಮಕ್ಕೆ ರಾಷ್ಟ್ರೀಯ ಮಾನ್ಯತೆ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅನುಭವಿ ಮಾರ್ಗದರ್ಶಕರ ಕೈಕೆಳಗೆ ಆರುನೂರು ಗಂಟೆ ರೋಗಿಗಳನ್ನು ನೋಡಿರಬೇಕು. ಬಳಿಕ ಅರ್ಹತಾ ಪರೀಕ್ಷೆ ಬರೆಯಬೇಕು. ಡಾರ್ಲಾ ನೊವೊಟ್ನಿ ಅವರು ಎರಡನ್ನೂ ಪೂರೈಸಿದ್ದಾರೆ. ವಿದ್ಯಾರ್ಥಿಗಳ ದಾಖಲೆಗಳನ್ನು ಹೊರಗಿನವರಿಗೆ ಕೊಡಲು ಕಾನೂನು ಬಿಡುವುದಿಲ್ಲ.

ಈ ದುಃಖದ ಹೊತ್ತಿನಲ್ಲಿ ನಿಮಗೆ ಶಾಂತಿ ಸಿಗಲಿ.

ಬೀಟ್ರಿಸ್ ಇಬಾರಾ


ಬೆಲ್‌ಫೋರ್ಡ್
ಜನವರಿ 23, 2025

ಡಾ. ಇಬಾರಾ ಅವರಿಗೆ,

ನಿಮ್ಮ ಪತ್ರವನ್ನು ಕೆಂಪು ಪೆನ್ನು ಹಿಡಿದು ಓದಿದೆ. ಹಳೆಯ ಚಟ. ಏಳು ವಾಕ್ಯಗಳಲ್ಲಿ ನನ್ನ ಪ್ರಶ್ನೆಗೆ ಉತ್ತರವಾದದ್ದು ಒಂದೂ ಇಲ್ಲ. ಶಾಂತಿಯನ್ನು ನಾನು ಕೇಳಿರಲಿಲ್ಲ. ಕೇಳಿದ್ದು ದಾಖಲೆ.

"ಅನುಭವಿ ಮಾರ್ಗದರ್ಶಕರ ಕೈಕೆಳಗೆ" ಎಂದಿರಿ. ಆ ಮಾರ್ಗದರ್ಶಕರನ್ನು ಹುಡುಕಿಕೊಟ್ಟವರು ಯಾರು ಎಂಬುದನ್ನು ಮಾತ್ರ ನುಂಗಿಕೊಂಡಿರಿ. ನಿನ್ನೆ ಲವಾನಳ ಹೋಟೆಲಿನಲ್ಲಿ ನನಗೆ ಅದು ತಿಳಿಯಿತು. ಈ ಊರಿನ ಸುದ್ದಿಯೆಲ್ಲ ಮೊದಲು ಅವಳ ಕೌಂಟರಿಗೆ ಬಂದು ಆಮೇಲೆ ಅಂಚೆ ಕಚೇರಿಗೆ ಹೋಗುತ್ತದೆ.

"ಆ ಡಾರ್ಲಾ ಪಟ್ಟ ಪಾಡು ನಿಮಗೆ ಗೊತ್ತಿಲ್ಲ ಮೇಷ್ಟ್ರೇ," ಎಂದಳು. "ಕಾಲೇಜಿನೋರು ಫೀಸ್ ಕಟ್ಟಿಸ್ಕೊಂಡು, ನಿನ್ನ ಗುರುನ ನೀನೇ ಹುಡ್ಕೋ ಅಂದ್ರಂತೆ. ನಲವತ್ತೆರಡು ದವಾಖಾನೆಗೆ ಫೋನ್ ಮಾಡಿದ್ಲು. ಅವರಮ್ಮ ಮಾಡಿದ ಕೊಲಾಚಿ ಸಿಹಿ ಬನ್ನಿನ ಡಬ್ಬಿ ಹಿಡ್ಕೊಂಡು ಬಾಗಿಲು ಬಾಗಿಲು ತಿರುಗಿದ್ಲು. ತಿಂಡಿ ಇಸ್ಕೊಂಡೋರು ಎಷ್ಟೋ ಜನ, ಹುಡುಗೀನ ಇಸ್ಕೊಂಡೋರು ಯಾರೂ ಇಲ್ಲ."

"ಹಾಗಾದರೆ ಅವಳಿಗೆ ಕಲಿಸಿದ್ದು ಯಾರು?"

"ಇಲ್ಲೇ, ನಮ್ಮ ದವಾಖಾನೆಲೇ. ಒಳಗೆ ಯಾರು ಹೇಳ್ಕೊಟ್ರೋ ನಂಗೇನ್ ಗೊತ್ತು? ನಾನು ಮೊಟ್ಟೆ ಬೇಯಿಸೋಳು. ಮೇಷ್ಟ್ರೇ, ಕಾಫಿ ತಣ್ಣಗಾಯ್ತು. ನಿಮ್ಮ ಕೋಪ ಒಂದೇ ಬಿಸಿ ಇರೋದು."

ಹಾಗಿದ್ದರೆ ಅದು ಅಲ್ಲಿಂದ ನಿವೃತ್ತರಾದ ಡಾಕ್ಟರ್ ಪ್ರೂಯಿಟ್ ಆಗಿರಬೇಕು. ಈಗ ಅರಿಜೋನಾದಲ್ಲಿ ಗಾಲ್ಫ್ ಆಡಿಕೊಂಡಿರುವ ಆ ಮನುಷ್ಯ ಕೊನೆಯ ವರ್ಷಗಳಲ್ಲಿ ಊಟದ ಬಳಿಕ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದುದು ಊರಿಗೆಲ್ಲ ಗೊತ್ತು. ಸಂಬಳವಿಲ್ಲ, ಮೇಲ್ವಿಚಾರಣೆಯಿಲ್ಲ, ತಿಂಡಿಯ ಡಬ್ಬಿಗೆ ಒಲಿದ ಗುರು. ಡಾಕ್ಟರೇಟ್ ಪಡೆದ ನೀವು ಒಂದು ಕೊಠಡಿಯಲ್ಲಿ ಕೂತು, ಎಂಟುನೂರು ಮೈಲಿ ಆಚೆ ಯಾರೋ ಹಾಕಿದ ಸಹಿಯನ್ನು ಎಣಿಸಿ, ಇವಳು ಸಿದ್ಧಳಾದಳು ಎಂದು ಘೋಷಿಸುತ್ತೀರಿ. ಬಡಗಿಯೂ ತನ್ನ ಶಿಷ್ಯನನ್ನು ಹೀಗೆ ಊರಿಗೆ ಬಿಡುವುದಿಲ್ಲ.

ಮೂರು ಪ್ರಶ್ನೆ ಕೇಳುತ್ತೇನೆ. ಆ ಆರುನೂರು ಗಂಟೆಗಳಲ್ಲಿ ನಿಮ್ಮ ಕಡೆಯವರು ಎಷ್ಟು ಗಂಟೆ ಕಣ್ಣಾರೆ ಕಂಡರು? ಮಾರ್ಗದರ್ಶಕರು ಬರೆದದ್ದು ನಿಜವೇ ಎಂದು ಯಾರು ಪರಿಶೀಲಿಸಿದರು? ಒಂದು ಸುಳ್ಳು ಸಿಕ್ಕಿದರೆ ಆ ಪದವಿಯನ್ನು ಹಿಂದಕ್ಕೆ ಪಡೆಯುತ್ತೀರಾ?

ಲಿಂಡ್‌ಕ್ವಿಸ್ಟ್


ಆಲ್ಬುಕರ್ಕಿ
ಫೆಬ್ರವರಿ 10, 2025

ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ,

ಮೊದಲ ಪತ್ರವನ್ನು ನಮ್ಮ ಕಾನೂನು ವಿಭಾಗ ತಿದ್ದಿತ್ತು. ಇದನ್ನು ಅವರಿಗೆ ತೋರಿಸಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಒಂದು ಗಂಟೆ. ಅದೂ ವೀಡಿಯೊ ಮೂಲಕ. ಎರಡನೆಯದಕ್ಕೆ: ಯಾರೂ ಇಲ್ಲ. ಮೂರನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಾನೂ ಇಪ್ಪತ್ತೆರಡು ವರ್ಷ ಬೆಟ್ಟದ ಊರುಗಳಲ್ಲಿ ಇದೇ ಕೆಲಸ ಮಾಡಿದವಳು. ವಿದ್ಯಾರ್ಥಿಗಳಿಗೆ ಗುರುಗಳನ್ನು ನಾವೇ ಒದಗಿಸಬೇಕು ಎಂದು ನಾಲ್ಕು ಸಭೆಗಳಲ್ಲಿ ಹೇಳಿದೆ. ಐದನೆಯ ಸಭೆಯಲ್ಲಿ ಸುಮ್ಮನಾದೆ. ಕಾಯುವ ರೋಗಿಗಳಿರುವ ಕಡೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಆದರೂ ಕೆಲವರು ಕಲಿಸುತ್ತಾರೆ, ಏನನ್ನೂ ಪಡೆಯದೆ. ಅವರ ಮೇಲೆಯೇ ಇಡೀ ಪದವಿ ನಿಂತಿದೆ. ಅವರ ಬಗ್ಗೆ ಸ್ವಲ್ಪ ಮೆತ್ತಗೆ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಡಾರ್ಲಾ ಅವರ ಒಪ್ಪಿಗೆ ಪಡೆದು ಗಂಟೆಗಳ ಪಟ್ಟಿಯನ್ನು ಇದರೊಂದಿಗೆ ಕಳಿಸಿದ್ದೇನೆ. ಮಾರ್ಗದರ್ಶಕರ ಹೆಸರನ್ನು ಕಪ್ಪು ಶಾಯಿಯಿಂದ ಮುಚ್ಚಿದೆ. ಹಾಗೆ ಮುಚ್ಚಬೇಕೆಂದು ಕೇಳಿದವರು ಡಾರ್ಲಾ. ಆ ಹೆಸರಿನ ಬೆನ್ನು ಹತ್ತಬೇಡಿ.

ಇನ್ನೊಂದು ವಿಷಯ. ಫೋನಿನಲ್ಲಿ ಅವರು ನನಗೆ ಹೇಳಿದ ಮಾತು ಹೀಗಿತ್ತು: "ನಾರ್ತ್ ಪ್ಲಾಟ್ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸ್ಕೊಳ್ಳಿ ಅಂತ ನಾನು ಗ್ರೆಟಾಗೆ ಮೂರು ಸಲ ಹೇಳಿದೆ ಮೇಡಂ. ಕಾರಿನ ಕೀ ಕೈಗೆ ಕೊಟ್ಟು ಹೇಳಿದೆ. ಕಡತದಲ್ಲಿ ಮಾತ್ರ ಬರೀಲಿಲ್ಲ." ಏಕೆ ಬರೆಯಲಿಲ್ಲ ಎಂದು ಕೇಳಿದರೆ ಮಾತು ಬದಲಿಸಿದರು. ಬರೆಯದ ಮಾತನ್ನು ಮಂಡಳಿ ಆಡದ ಮಾತೆಂದೇ ಎಣಿಸುತ್ತದೆ. ಆಗ ಕೋಣೆಯಲ್ಲಿ ಇದ್ದವರು ಅವರಿಬ್ಬರೇ.

ಗ್ರೆಟಾ ಅವರ ಕಾರು ಸಿಕ್ಕಿದ್ದು ಉತ್ತರದ ಊರೊಂದರಲ್ಲಿ, ಆಸ್ಪತ್ರೆಯ ದಿಕ್ಕಿಗೆ ವಿರುದ್ಧವಾಗಿ ಎಂದು ವರದಿಯಲ್ಲಿದೆ. ಯಾರೋ ರೋಗಿಯ ಮನೆಗೆ ಹೊರಟಿದ್ದರೇನೋ. ಆ ಮಧ್ಯಾಹ್ನ ಅವರು ನಿಮ್ಮೊಡನೆ ಮಾತನಾಡಿದ್ದರೇ? ಡಾರ್ಲಾ ಹೇಳುವುದು ನಿಜವೋ ಸುಳ್ಳೋ ತಿಳಿಯಲು ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಬೀಟ್ರಿಸ್ ಇಬಾರಾ


ಬೆಲ್‌ಫೋರ್ಡ್
ಫೆಬ್ರವರಿ 19, 2025

ಡಾ. ಇಬಾರಾ ಅವರಿಗೆ,

ನಿಮ್ಮ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಅದು ತಡವಾಗಿ ಬಂತು ಎಂಬುದನ್ನೂ ದಾಖಲಿಸುತ್ತೇನೆ.

ಪಟ್ಟಿಯನ್ನು ನಾಲ್ಕು ದಿನ ಓದಿದೆ. ಎದುರು ಪಕ್ಷದ ದಾಖಲೆಯಲ್ಲಿ ದಿನಾಂಕಗಳನ್ನು ಮೊದಲು ನೋಡಬೇಕು ಎಂದು ನನ್ನ ಚರ್ಚಾ ತಂಡದ ಮಕ್ಕಳಿಗೆ ಕಲಿಸುತ್ತಿದ್ದೆ. ಜನ ಮಾತಿನಲ್ಲಿ ಸುಳ್ಳನ್ನು ಜಾಣತನದಿಂದ ಹೆಣೆಯುತ್ತಾರೆ, ಕ್ಯಾಲೆಂಡರಿನಲ್ಲಿ ಸಿಕ್ಕಿಬೀಳುತ್ತಾರೆ.

2022ರ ಡಿಸೆಂಬರ್ 12ರಿಂದ 16. ಸೋಮವಾರದಿಂದ ಶುಕ್ರವಾರ. ದಿನಕ್ಕೆ ಎಂಟು ಗಂಟೆಯಂತೆ ಡಾರ್ಲಾ ನೊವೊಟ್ನಿ ನಲವತ್ತು ಗಂಟೆ ರೋಗಿಗಳನ್ನು ನೋಡಿದಳೆಂದು ನಿಮ್ಮ ಪಟ್ಟಿ ಹೇಳುತ್ತದೆ. ಪ್ರತಿ ಸಾಲಿನ ಎದುರಿಗೂ ಮಾರ್ಗದರ್ಶಕರ ಸಹಿ, ನೀವು ಮಸಿ ಬಳಿದದ್ದು.

ಆ ಐದು ದಿನ ಈ ಜಿಲ್ಲೆಯಲ್ಲಿ ಯಾವ ದವಾಖಾನೆಯೂ ತೆರೆದಿರಲಿಲ್ಲ. ಹಿಮಗಾಳಿ ಎದ್ದು ಹೆದ್ದಾರಿ ಮುಚ್ಚಿತ್ತು. ದನಗಳು ಬೇಲಿಗೆ ಒರಗಿ ನಿಂತಲ್ಲೇ ಸತ್ತವು. ಇದು ಊಹೆಯ ಮಾತಲ್ಲ. ಆ ದವಾಖಾನೆಯಲ್ಲಿ ಕೆಲಸ ಮಾಡುವವಳು ಆ ಐದೂ ದಿನ ನನ್ನ ಅಡುಗೆಮನೆಯಲ್ಲಿದ್ದಳು. ಭಾನುವಾರ ಊಟಕ್ಕೆ ಬಂದ ಗ್ರೆಟಾ ಶನಿವಾರದವರೆಗೆ ಹೊರಗೆ ಕಾಲಿಡಲಾಗಲಿಲ್ಲ. ನಮ್ಮ ಶಾಲೆಯಲ್ಲಿ ಕೊಡುತ್ತಿದ್ದಂತೆ ಬೀನ್ಸ್ ಕಾಳಿನ ಖಾರದ ಸಾರು ಮಾಡಿ ಜೊತೆಗೆ ದಾಲ್ಚಿನ್ನಿಯ ಸುರುಳಿ ಬನ್ನು ಬೇಯಿಸಿದಳು. ಸಂಜೆ ಇಸ್ಪೀಟು. "ಅಪ್ಪ, ನೀವು ಸೋತ್ರೂ ವಾದ ಮಾಡ್ತೀರ, ಗೆದ್ರೂ ವಾದ ಮಾಡ್ತೀರ. ಎಲೆ ಹಾಕಿ ಸಾಕು," ಎಂದು ನಕ್ಕಳು. ಅವಳು ಅಷ್ಟು ದಿನ ನನ್ನ ಸೂರಿನಡಿ ಇದ್ದದ್ದು ಅದೇ ಕೊನೆ. ಆ ದಿನಾಂಕಗಳನ್ನು ನಾನು ಮರೆಯುವುದಿಲ್ಲ.

ಆದ್ದರಿಂದ ಸಹಿ ಹಾಕಿದ ಪ್ರೂಯಿಟ್ ಸುಳ್ಳುಗಾರ. ಆ ಸುಳ್ಳಿನ ಮೇಲೆ ಪದವಿ ಪಡೆದವಳು ಸುಳ್ಳುಗಾತಿ. ಪಟ್ಟಿಯನ್ನು ನೋಡಿಯೂ ಸ್ವೀಕರಿಸಿದ ನೀವು ಮೂರನೆಯವರು. ಆಗದ ಪಾಠಕ್ಕೆ ಸಹಿ ಪಡೆದವಳು, ಆಡದ ಸಲಹೆಯನ್ನು ಆಡಿದೆ ಎನ್ನುವುದರಲ್ಲಿ ಆಶ್ಚರ್ಯವೇನಿದೆ? ಮಾರ್ಚ್ 3ರಂದು ಇದೆಲ್ಲವನ್ನೂ ಮಂಡಳಿಗೆ ಕಳಿಸುತ್ತೇನೆ. ಪ್ರೂಯಿಟ್ ಅವರ ಹೆಸರನ್ನೂ ಬರೆಯುತ್ತೇನೆ. ಆ ಮಸಿ ನನಗೆ ಅಡ್ಡಿಯಾಗದು.

ಲಿಂಡ್‌ಕ್ವಿಸ್ಟ್


ಆಲ್ಬುಕರ್ಕಿ
ಫೆಬ್ರವರಿ 24, 2025

ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ,

ಇದು ಮಾರ್ಚ್ 3ರ ಒಳಗೆ ನಿಮ್ಮ ಕೈ ಸೇರಲೆಂದು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಕೂತು ಓದಿ.

ಡಾಕ್ಟರ್ ಪ್ರೂಯಿಟ್ ನಮ್ಮ ಯಾವ ವಿದ್ಯಾರ್ಥಿಗೂ ಕಲಿಸಿಲ್ಲ. ಆ ಹೆಸರು ನಿಮ್ಮ ಮಗಳದು. ಆರುನೂರು ಗಂಟೆಯೂ ಡಾರ್ಲಾ ಅವರಿಗೆ ಕಲಿಸಿದವರು ಗ್ರೆಟಾ. ಹಿಮದ ವಾರದ ಆ ಐದು ಸಹಿಗಳೂ ಗ್ರೆಟಾ ಅವರವು.

ನಿಮಗಿದು ತಿಳಿದಿರಬಹುದೆಂದು ಮೊದಲು ಅಂದುಕೊಂಡಿದ್ದೆ. ತಿಳಿದಿಲ್ಲವೆಂದು ಎರಡನೆಯ ಪತ್ರದಲ್ಲಿ ಗೊತ್ತಾಯಿತು. ಆಗಲೇ ಹೇಳಬೇಕಿತ್ತು. ಡಾರ್ಲಾ ಬೇಡಿಕೊಂಡರು: "ಮೇಷ್ಟ್ರಿಗೆ ಉಳಿದಿರೋದು ಮಗಳ ಹೆಸರೊಂದೇ ಮೇಡಂ. ಅದನ್ನೂ ಕಿತ್ಕೊಂಡು ನಾನು ಲೈಸೆನ್ಸ್ ಉಳಿಸ್ಕೊಬೇಕಾ?"

ನಾನು ಮುಚ್ಚಿಟ್ಟ ಇನ್ನೊಂದು ಕಾಗದವಿದೆ. ಅದನ್ನು ಮುಚ್ಚಿಟ್ಟದ್ದರಲ್ಲಿ ಡಾರ್ಲಾ ಅವರ ಪಾಲಿಲ್ಲ. 2022ರ ಡಿಸೆಂಬರ್ 17ರಂದು ಗ್ರೆಟಾ ನನಗೆ ಬರೆದದ್ದು:

"ಹಿಮ ಬಿದ್ದು ಐದು ದಿನದ ಪಾಠ ತಪ್ಪಿದೆ. ಹತ್ತು ದಿನ ಹೆಚ್ಚಿಗೆ ಕೊಡಿ. ಈ ಹುಡುಗಿಯನ್ನು ಅರೆಬೆಂದವಳಾಗಿ ಕಳಿಸಲು ನನಗೆ ಮನಸ್ಸಿಲ್ಲ. ಡಾಕ್ಟರು ವರ್ಷದ ಕೊನೆಗೆ ಹೋಗುತ್ತಿದ್ದಾರೆ. ಅವಳು ಒಂದು ವರ್ಷ ಹಿಂದೆ ಬಿದ್ದರೆ ಇಡೀ ಜಿಲ್ಲೆಗೆ ನಾನೊಬ್ಬಳೇ."

ನನ್ನ ಉತ್ತರ ಎರಡು ಸಾಲಿನದು: "ಅವಧಿಯ ಕೊನೆಯ ದಿನ ಡಿಸೆಂಬರ್ 20. ವಿನಾಯಿತಿಗೆ ಅವಕಾಶವಿಲ್ಲ." ಆ ವಾರ ಇಂಥ ಹದಿನಾಲ್ಕು ಉತ್ತರಗಳಿಗೆ ಸಹಿ ಹಾಕಿದ್ದೆ. 20ರಂದು ಗಂಟೆಗಳು ಭರ್ತಿಯಾಗಿ ಬಂದವು. ಹಿಮದ ಪತ್ರ ನನ್ನ ಮೇಜಿನ ಮೇಲೇ ಇತ್ತು. ಪಟ್ಟಿಯನ್ನು ನೋಡಿದೆ, ಅರ್ಥವಾಯಿತು, ಸ್ವೀಕರಿಸಿದೆ. ನೀವು ನನ್ನನ್ನು ಮೂರನೆಯವಳೆಂದಿರಿ. ಸರದಿಯಲ್ಲಿ ನಾನು ಮೊದಲನೆಯವಳು.

ಆ ನಲವತ್ತು ಗಂಟೆಗಳನ್ನು ಗ್ರೆಟಾ ಬಿಟ್ಟುಬಿಡಲಿಲ್ಲ. ಜನವರಿಯಿಂದ ಐದು ಶನಿವಾರ, ದವಾಖಾನೆಗೆ ರಜೆ ಇದ್ದಾಗ, ಬೆಳಿಗ್ಗೆಯಿಂದ ಸಂಜೆಯವರೆಗೆ ಡಾರ್ಲಾ ಅವರನ್ನು ಕೂರಿಸಿಕೊಂಡು ಪಾಠ ಮಾಡಿದರಂತೆ. ಅದು ಯಾವ ಪಟ್ಟಿಯಲ್ಲೂ ಇಲ್ಲ.

ನೀವು ಈಗ ಏನು ಮಾಡುವಿರೋ ನನಗೆ ತಿಳಿಯದು. ಮಂಡಳಿಗೆ ಕಳಿಸಿದರೆ ನಾನು ಅಲ್ಲಗಳೆಯುವುದಿಲ್ಲ.

ಬೀಟ್ರಿಸ್ ಇಬಾರಾ


ಆಲ್ಬುಕರ್ಕಿ
ಮಾರ್ಚ್ 21, 2025

ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ,

ನಾಲ್ಕು ವಾರವಾಯಿತು. ಮಾರ್ಚ್ 3ರಂದು ನೀವು ಮಂಡಳಿಗೆ ಏನನ್ನೂ ಕಳಿಸಲಿಲ್ಲವೆಂದು ಕೇಳಿದೆ. ದೂರನ್ನು ಹಿಂಪಡೆದಿಲ್ಲವೆಂದೂ ಕೇಳಿದೆ. ನಾನು ನನ್ನ ಎರಡು ಸಾಲಿನ ಉತ್ತರವನ್ನೂ ಗ್ರೆಟಾ ಅವರ ಪತ್ರವನ್ನೂ ಮಂಡಳಿಗೆ ಕೊಟ್ಟಿದ್ದೇನೆ. ನನ್ನ ಹುದ್ದೆಯ ಬಗ್ಗೆ ಮುಂದಿನ ತಿಂಗಳು ತೀರ್ಮಾನವಾಗುತ್ತದೆ.

ನಿಮ್ಮ ಆರೋಗ್ಯ ಹೇಗಿದೆ? ಕೋಪದಿಂದಲಾದರೂ ಒಂದು ಸಾಲು ಬರೆಯಿರಿ.

ಬಿ. ಇಬಾರಾ


ಬೆಲ್‌ಫೋರ್ಡ್
ಏಪ್ರಿಲ್ 2, 2025

ಡಾ. ಇಬಾರಾ ಅವರಿಗೆ,

ಕೋಪಕ್ಕೆ ಬರವಿಲ್ಲ. ಅದನ್ನು ಯಾರ ಕಡೆ ತಿರುಗಿಸಬೇಕೆಂಬುದಕ್ಕೆ ನಾಲ್ಕು ವಾರ ಹಿಡಿಯಿತು.

ಮೊದಲು ನಿಮ್ಮ ಮೇಲಿನದು. ವಿನಾಯಿತಿಗೆ ಅವಕಾಶವಿಲ್ಲ ಎಂಬ ಎರಡು ಪದದ ಹಟಕ್ಕೆ ನನ್ನ ಮಗಳು ಜೀವಮಾನದಲ್ಲಿ ಮೊದಲ ಬಾರಿ ಸುಳ್ಳು ಸಹಿ ಹಾಕಿದಳು. ಅದನ್ನು ನೀವೇ ಮಂಡಳಿಗೆ ಹೇಳಿದ್ದು ಸರಿಯಾಯಿತು. ಹುದ್ದೆ ಹೋದರೆ ನನ್ನಿಂದ ಸಂತಾಪದ ಪತ್ರ ನಿರೀಕ್ಷಿಸಬೇಡಿ. ಉಳಿದರೆ ಆರನೆಯ ಸಭೆ ಕರೆಯಿರಿ.

ಎರಡನೆಯದು ಗ್ರೆಟಾಳ ಮೇಲಿನದು. 2023ರ ಆರಂಭದಲ್ಲಿ ಐದು ಶನಿವಾರ ಅವಳು ನನ್ನ ಮನೆಗೆ ಬರಲಿಲ್ಲ. ಏಕೆಂದು ಕೇಳಿದರೆ "ಕೆಲಸ ಇದೆ ಅಪ್ಪ" ಎಂದಳು. ತಂದೆಗಿಂತ ದೊಡ್ಡ ಕೆಲಸವೇ ಎಂದು ಆರನೆಯ ಶನಿವಾರ ಬಂದಾಗ ಬಾಗಿಲಲ್ಲೇ ಮೂದಲಿಸಿದೆ. ಹೇಳಲಿಲ್ಲ. ಹೇಳಿದ್ದರೆ ಸುಳ್ಳಿನ ಬಗ್ಗೆ ಒಂದು ಗಂಟೆ ಭಾಷಣ ಮಾಡುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ಆ ಭಾಷಣ ಈಗಲೂ ನನ್ನ ಬಾಯಲ್ಲಿದೆ. ಕೇಳಿಸಿಕೊಳ್ಳಬೇಕಾದವಳು ಇಲ್ಲ.

ಮೂರನೆಯದು ಡಾರ್ಲಾಳ ಮೇಲಿನದು. ಕಳೆದ ಗುರುವಾರ ನಡೆದುಕೊಂಡೇ ದವಾಖಾನೆಗೆ ಹೋದೆ. ರೋಗಿಗಳು ಮುಗಿಯುವವರೆಗೆ ಕಾದು ಒಳಗೆ ಹೋದೆ.

"ಕಡತದಲ್ಲಿ ಯಾಕೆ ಬರೀಲಿಲ್ಲ?"

"ಗ್ರೆಟಾ ಬೇಡ ಅಂದ್ರು ಮೇಷ್ಟ್ರೇ. ಪೇಶಂಟ್ ಆಸ್ಪತ್ರೆಗೆ ಹೋಗೋಕೆ ಒಪ್ಪಲಿಲ್ಲ ಅಂತ ನೀನು ಬರೆದ್ರೆ ನಾಳೆ ನನ್ನ ಪೇಶಂಟ್‌ಗಳು ನನ್ನ ಮಾತು ಕೇಳ್ತಾರಾ, ಸ್ನಾಯು ಸೆಳೆತ ಅಂತ ಬರಿ, ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ ಅಂದ್ರು."

"ಅವಳು ಹೇಳಿದ್ಲು, ನೀನು ಬರೆದೆ."

"ನಂಗೆ ಕಲಿಸಿದೋರು ಅವರು. ಕೀ ಕೈಗಿಟ್ಟಾಗ ಒಂದು ನಿಮಿಷ ಯೋಚನೆ ಮಾಡಿದ್ರು. ಹೋಗ್ತಾರೆ ಅಂದ್ಕೊಂಡೆ. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ್ರು. ವಾಪಸ್ ಬಂದಾಗ ಮನಸ್ಸು ಬದಲಾಗಿತ್ತು. ಯಾರ ಜೊತೆ ಮಾತಾಡಿದ್ರೋ ನಂಗೆ ಗೊತ್ತಿಲ್ಲ."

ಅವಳಿಗೆ ಗೊತ್ತಿಲ್ಲ, ಡಾ. ಇಬಾರಾ. ಫೆಬ್ರವರಿಯಲ್ಲಿ ನೀವು ಕೇಳಿದ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಗಮನಿಸದಿದ್ದರೆ ನೀವು ಒಳ್ಳೆಯ ಚರ್ಚಾಪಟುವಲ್ಲ. ಅದನ್ನೇ ನಂಬಿಕೊಂಡು ನಾನು ಹಿಮದ ಕಥೆಯನ್ನು ಅಷ್ಟು ಉದ್ದ ಬರೆದೆ.

ಆ ಫೋನು ನನಗೆ ಬಂದಿತ್ತು. ಮಧ್ಯಾಹ್ನ ಒಂದೂ ಇಪ್ಪತ್ತು.

"ಅಪ್ಪ, ಎದೆ ಯಾಕೋ ಸರಿಯಿಲ್ಲ. ಡಾರ್ಲಾ ನಾರ್ತ್ ಪ್ಲಾಟ್‌ಗೆ ಹೋಗು ಅಂತ ಒಂದೇ ಸಮ ಗಂಟುಬಿದ್ದಿದಾಳೆ. ನಿಮ್ಮನ್ನ ಸ್ಪರ್ಧೆಗೆ ಬೇರೆ ಯಾರಾದ್ರೂ ಕರ್ಕೊಂಡು ಹೋಗ್ತಾರಾ?"

ಆ ಸಂಜೆ ಎಂಬತ್ತು ಮೈಲಿ ಉತ್ತರದ ಶಾಲೆಯೊಂದರಲ್ಲಿ ಮಕ್ಕಳ ಚರ್ಚಾ ಸ್ಪರ್ಧೆ. ತೀರ್ಪುಗಾರ ನಾನು. ಕಾರು ಓಡಿಸುವವಳು ಅವಳು.

"ಮಾತು ಕೊಟ್ಟಿದ್ದೀಯ," ಎಂದೆ. "ಇಪ್ಪತ್ತು ಮಕ್ಕಳು ಕಾಯ್ತಿದ್ದಾರೆ. ನಿನ್ನೆ ಮೊನ್ನೆ ಬಂದ ಹುಡುಗಿ ಹೆದರಿಸಿದ್ಲು ಅಂತ ಮಾತು ತಪ್ಪಬೇಡ."

"ಆಯ್ತು ಅಪ್ಪ. ಎರಡು ಗಂಟೆಗೆ ಬರ್ತೀನಿ."

ದಾರಿಯಲ್ಲಿ ಅವಳು ಹೆಚ್ಚು ಮಾತನಾಡಲಿಲ್ಲ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಳು. ಎರಡನೆಯ ಸುತ್ತಿನಲ್ಲಿ ಒಂದು ಹುಡುಗಿ ಮಾತನಾಡುತ್ತಿದ್ದಾಗ ಅವಳಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಪೀಠದಿಂದ ನಾನು ಅವಳತ್ತ ಬೆರಳೆತ್ತಿದೆ, ಸದ್ದು ಮಾಡುವ ವಿದ್ಯಾರ್ಥಿಗೆ ಎತ್ತುವಂತೆ. ಅವಳು ಕೈಯಲ್ಲೇ ಕ್ಷಮೆ ಕೇಳಿ ಎದ್ದು ಹೊರಗೆ ಹೋದಳು. ಮೂರನೆಯ ಸುತ್ತು ಮುಗಿಸಿ, ಅಂಕಗಳನ್ನು ಕೂಡಿಸಿ, ಬಹುಮಾನ ಹಂಚಿ ನಾನು ಕಾರಿನ ಬಳಿಗೆ ಬಂದೆ. ಉಳಿದದ್ದು ವರದಿಯಲ್ಲಿದೆ. ರೋಗಿಯ ಮನೆಗೆ ಹೊರಟಿದ್ದರೇನೋ ಎಂದು ನೀವು ಬರೆದಾಗ, ಆ ಊಹೆಯನ್ನು ಹಾಗೇ ಇರಲು ಬಿಟ್ಟೆ.

ಸಲಹೆ ಸಿಕ್ಕಿತ್ತು ಎಂಬುದಕ್ಕೆ ಸಾಕ್ಷಿಯಿತ್ತು. ಆ ಸಾಕ್ಷಿಯೇ ದೂರುದಾರನಾಗಿ ಕೂತಿದ್ದ. ಸಾಕ್ಷ್ಯವನ್ನು ಮುಚ್ಚಿಟ್ಟ ತಂಡ ಎಷ್ಟೇ ಚೆನ್ನಾಗಿ ವಾದಿಸಿದರೂ ಆ ಸುತ್ತನ್ನು ಸೋಲುತ್ತದೆ. ಈ ನಿಯಮವನ್ನು ಹದಿನೈದು ವರ್ಷದ ಮಕ್ಕಳ ಮೇಲೆ ಮೂರು ದಶಕ ಹೇರಿದ್ದೇನೆ. ಒಂದು ಮಗು ಅತ್ತುಕೊಂಡು ಶಾಲೆಯನ್ನೇ ಬಿಟ್ಟಿತ್ತು.

ಪ್ರಮಾಣ ಮಾಡಿ ಬರೆದ ಹೇಳಿಕೆಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಫೋನಿನ ಮಾತು ಅಕ್ಷರಶಃ ಅದರಲ್ಲಿದೆ. ಡಿಸೆಂಬರಿನ ಐದು ಸಹಿಗಳೂ ಇವೆ, ನನ್ನ ಮಗಳ ಹೆಸರಿನೊಡನೆ, ಮಸಿಯಿಲ್ಲದೆ. ಡಾರ್ಲಾಳ ಪರವಾನಗಿ ಕಸಿಯಬೇಕೆಂಬ ಬೇಡಿಕೆಯನ್ನು ಹೊಡೆದುಹಾಕಿದ್ದೇನೆ. ಅವಳನ್ನು ಕ್ಷಮಿಸಿದ್ದೇನೆ ಎಂದು ಇದರ ಅರ್ಥವಲ್ಲ. ಆಗದ್ದನ್ನು ಬರೆಯುವುದನ್ನು ಅವಳು ನನ್ನ ಮಗಳಿಂದ ಕಲಿತಳು. ಆದದ್ದನ್ನು ಬರೆಯದಿರುವುದನ್ನೂ ಅವಳಿಂದಲೇ ಕಲಿತಳು. ಮೇಲಿನವರ ಮಾತಿಗೆ ಎದುರಾಡದಿರುವುದನ್ನು ಇಬ್ಬರೂ ಕಲಿತದ್ದು ಯಾರಿಂದ ಎಂದು ನೀವು ಕೇಳಬೇಕಿಲ್ಲ. ಒಬ್ಬಳು ನನ್ನ ಮನೆಯಲ್ಲಿ ಬೆಳೆದಳು, ಇನ್ನೊಬ್ಬಳು ನನ್ನ ತರಗತಿಯಲ್ಲಿ.

ಹೇಳಿಕೆಯನ್ನು ನಿನ್ನೆ ಅವಳ ಮೇಜಿನ ಮೇಲಿಟ್ಟೆ. ಓದಿದಳು. ಎರಡನೆಯ ಪುಟವನ್ನು ಎರಡು ಸಲ ಓದಿದಳು. "ನೀವಾ ಮೇಷ್ಟ್ರೇ," ಎಂದಳು. ಬಯ್ಯಲಿ ಎಂದು ನಿಂತೆ. ಬಯ್ಯಲಿಲ್ಲ. ಕಾಗದವನ್ನು ಮಡಿಸಿ ವಾಪಸು ಕೊಟ್ಟು, "ಲಿಂಕನ್‌ಗೆ ಹೇಗೆ ಹೋಗ್ತೀರಿ?" ಎಂದಳು.

"ಬಸ್ಸು."

"ಬಸ್ಸು ನಿಂತು ಮೂರು ವರ್ಷ ಆಯ್ತು. ನಾನೂ ಅಲ್ಲಿಗೇ ಹೋಗ್ಬೇಕಲ್ಲ. ಬೆಳಿಗ್ಗೆ ಐದಕ್ಕೆ ರೆಡಿ ಇರಿ."

"ಮಾತಾಡೋ ಕರಾರಿಲ್ಲ," ಎಂದೆ.

"ಬೇಡ. ಆದ್ರೆ ಒಂದು ಕೇಳಿಸ್ಕೊಳ್ಳಿ. ನಿಮ್ಮ ಬಿಪಿ ನಂಗೆ ಗೊತ್ತು. ದಾರೀಲಿ ನೀವು ಎದೆ ಮೇಲೆ ಕೈ ಇಟ್ರೆ, ಕೆಮ್ಮಿದ್ರೆ, ಕಾರು ಸೀದಾ ಆಸ್ಪತ್ರೆಗೆ. ವಿಚಾರಣೆ ತಪ್ಪಿದ್ರೆ ತಪ್ಪಲಿ, ನನ್ನ ಲೈಸೆನ್ಸ್ ಹೋದ್ರೆ ಹೋಗ್ಲಿ. ನೀವು ಎಷ್ಟು ವಾದ ಮಾಡಿದ್ರೂ ನಾನು ಕೇಳೋಳಲ್ಲ."

ಈ ಮಾತನ್ನು ಅವಳು ಅಕ್ಟೋಬರ್ 18ರಂದು ಆಡಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ಅದೇ ಮಾತನ್ನು ಅದೇ ದಿನ ಒಂದೂ ಇಪ್ಪತ್ತಕ್ಕೆ ಆಡಬೇಕಿದ್ದವನು ಇನ್ನೊಬ್ಬನಿದ್ದ. ಬಾಯಿ ಮುಚ್ಚಿಕೊಂಡೆ.

14ರಂದು ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ.

ಓರಿನ್ ಲಿಂಡ್‌ಕ್ವಿಸ್ಟ್